ದೀಪ ಬಿಡಿ, ಗಂಟೆಯ ಮಾತಾಡೋಣ

(ಮೇ 12ರ ದಾದಿಯರ ದಿನದಂದು ಗದಗದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿನ ಹಿರಿಯರಿಗೆ, ಮುಂದೆ ಕೂತ ನಮ್ಮ ಹುಡುಗಿಯರಿಗೆ, ಮತ್ತೆ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿದ ಆ ಆರು ಜನ ಹುಡುಗರಿಗೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗನೂ ಇರಲಿಲ್ಲ. ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ, ನಾಚಿಕೊಳ್ಳಬೇಡಿ.

ಒಂದು ತಕರಾರಿನಿಂದ ಶುರು ಮಾಡುತ್ತೇನೆ. ನನಗೆ ಕಳಿಸಿದ ಆಮಂತ್ರಣ ಪತ್ರಿಕೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಹಿಂದೆ ಮೂರು ಬಿರುದು ಹಾಕಿದ್ದೀರಿ. ದೀಪಧಾರಿಣಿ, ತ್ಯಾಗಮಯಿ, ಕರುಣಾಮೂರ್ತಿ. ಮೂರೂ ಒಂದೇ ಸಾಲಿನಲ್ಲಿ. 36 ವರ್ಷ ನೌಕರಿ ಮಾಡಿದವಳು ಹೇಳುತ್ತೇನೆ ಕೇಳಿ. ನಮ್ಮನ್ನು ಯಾರಾದರೂ ತ್ಯಾಗಮಯಿ ಅಂತ ಕರೆದರೆ ಆ ತಿಂಗಳ ಪಗಾರ ತಡ ಆಗುತ್ತದೆ ಅಂತ ತಿಳಿದುಕೊಳ್ಳಬೇಕು.

ನಗಬೇಡಿ, ಪ್ರಾಂಶುಪಾಲರು ನೋಡುತ್ತಿದ್ದಾರೆ.

ಈಗಷ್ಟೇ ನಾವೆಲ್ಲ ಸೇರಿ ಸಮೆ ದೀಪ ಹಚ್ಚಿದೆವು. ನೀವು ಮೇಣದ ಬತ್ತಿ ಹಿಡಿದು ಪ್ರತಿಜ್ಞೆ ತಗೊಂಡಿರಿ. ಚೆನ್ನಾಗಿತ್ತು, ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹಿಂದಿನ ಬ್ಯಾನರಿನಲ್ಲಿ ನೈಟಿಂಗೇಲ್ ಬಾಯಿಯವರ ಕೈಗೆ ಒಂದು ಎಣ್ಣೆ ದೀಪ ಕೊಟ್ಟಿದ್ದೀರಲ್ಲ, ಅಲ್ಲಾವುದ್ದೀನನ ದೀಪದ ಥರ ಮೂತಿ ಇರುವುದು, ಅಂಥ ದೀಪ ಅವರು ಹಿಡಿದಿರಲಿಲ್ಲ. ಕ್ರಿಮಿಯಾ ಯುದ್ಧದ ಕಾಲಕ್ಕೆ ತುರ್ಕಿಯ ದವಾಖಾನೆಯಲ್ಲಿ ಅವರ ಕೈಯಲ್ಲಿದ್ದದ್ದು ಮಡಚುವ ಲಾಂದ್ರ. ಒಳಗೆ ಮೇಣದ ಬತ್ತಿ, ಸುತ್ತ ನೆರಿಗೆ ನೆರಿಗೆಯ ಹೊದಿಕೆ. ನಾವು ದೀಪಾವಳಿಗೆ ಆಕಾಶಬುಟ್ಟಿ ಕಟ್ಟುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ಒಂದು ಪತ್ರಿಕೆ ಚಿತ್ರ ಹಾಕಿತು, 1857ರಲ್ಲಿ ಅಮೆರಿಕದ ಕವಿಯೊಬ್ಬರು ಪದ್ಯ ಬರೆದರು, ಅಲ್ಲಿಂದ ಮುಂದೆ ಆ ದೀಪ ಅವರ ಕೈ ಬಿಡಲೇ ಇಲ್ಲ.

ಇವತ್ತು ನನಗೆ ದೀಪದ ಮಾತು ಬೇಡ. ದೀಪಕ್ಕಿಂತ ಒಂದು ವರ್ಷ ಮೊದಲು ಅವರು ಲಂಡನ್ನಿನ ಒಂದು ಸಣ್ಣ ಹೆಂಗಸರ ಆಸ್ಪತ್ರೆಯಲ್ಲಿ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ಆಗಿದ್ದರು. ಅದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಅವರು ಒಂದು ಗಂಟೆ ಹಾಕಿಸಿದರು. ನನಗೆ ಆ ಗಂಟೆಯ ಮಾತು ಆಡಬೇಕು.

ಅವರು ಹುಟ್ಟಿದ್ದು 1820ರಲ್ಲಿ ಅನ್ನುವುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಶ್ರೀಮಂತರ ಮನೆ. ಅಪ್ಪನೇ ಕೂತು ಗ್ರೀಕು, ಲ್ಯಾಟಿನ್, ಲೆಕ್ಕ ಕಲಿಸಿದರು. ಮಗಳು 25 ವರ್ಷದವಳಾದಾಗ, ಹತ್ತಿರದ ಆಸ್ಪತ್ರೆಗೆ ಹೋಗಿ ರೋಗಿಗಳ ಆರೈಕೆ ಕಲಿಯುತ್ತೇನೆ ಅಂದಳು. ಅವ್ವ ಅತ್ತರು, ಅಕ್ಕ ಮೂರ್ಛೆ ಹೋಗುವುದೊಂದು ಬಾಕಿ. ಆ ಕಾಲದ ನರ್ಸುಗಳಿಗೆ ಅಲ್ಲಿ ಒಳ್ಳೆ ಹೆಸರಿರಲಿಲ್ಲ. ಕುಡಿಯುತ್ತಾರೆ, ನಡತೆ ಸರಿ ಇಲ್ಲ ಅಂತ ಜನ ಆಡಿಕೊಳ್ಳುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಮನೆ ನೆನಪಾಯಿತು. ನಾನು ಟ್ರೇನಿಂಗಿಗೆ ಅರ್ಜಿ ಹಾಕಿದ ದಿನ ನಮ್ಮ ಅಪ್ಪ ಊಟ ಬಿಟ್ಟರು. "ರಾತ್ರಿ ಪಾಳಿ ಮಾಡೋ ಹುಡುಗೀನ ಯಾರ ಮದಿವಿ ಆಗತಾರ?" ಅಂದರು. ಎರಡು ದಿನ ಉಪವಾಸ. ಮೂರನೇ ದಿನ ಅವ್ವ ಬದ್ನಿಕಾಯಿ ಎಣ್ಣಿಗಾಯಿ ಮಾಡಿದಳು, ಉಪವಾಸ ಮುರಿಯಿತು. ನೈಟಿಂಗೇಲ್ ಮನೆಯಲ್ಲಿ ಎಣ್ಣಿಗಾಯಿ ಮಾಡುವವರು ಇರಲಿಲ್ಲ, ಅದಕ್ಕೇ ಅವರ ಜಗಳ ಎಂಟು ವರ್ಷ ನಡೆಯಿತು.

ಆ ಎಂಟು ವರ್ಷ ಅವರು ಸುಮ್ನೆ ಕೂಡಲಿಲ್ಲ. ಆಸ್ಪತ್ರೆಗಳ ವರದಿಗಳನ್ನು ತರಿಸಿ ಮನೆಯವರು ಏಳುವ ಮೊದಲೇ ಎದ್ದು ಓದಿದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಅನ್ನುವ ಊರಿಗೆ ಹೋಗಿ ಮೂರು ತಿಂಗಳು ತರಬೇತಿ ಪಡೆದರು. ಫ್ಲೀಡ್ನರ್ ಅನ್ನುವ ಪಾದ್ರಿ ಅಲ್ಲಿ ಹೆಂಗಸರಿಗೆ ಆರೈಕೆ ಕಲಿಸುವ ಸಂಸ್ಥೆ ಕಟ್ಟಿದ್ದರು. ಜರ್ಮನ್ ಅಂದ ಕೂಡಲೇ ನಿಮಗೆ ಬೆಟಗೇರಿಯ ಜರ್ಮನ್ ದವಾಖಾನೆ ನೆನಪಾಗಬೇಕು. ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಅಂದರೆ ನೈಟಿಂಗೇಲ್ ಮನೆಯಲ್ಲಿ ಇನ್ನೂ ಜಗಳ ಆಡುತ್ತಿದ್ದಾಗ ಇಲ್ಲಿ ನಮ್ಮ ನೇಕಾರರ ಓಣಿಯಲ್ಲಿ ಜರ್ಮನ್ ಮಾತು ಕೇಳುತ್ತಿತ್ತು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ನನಗೆ ಹೇಳಬೇಕು ಅನಿಸಿತು, ಹೇಳಿದೆ.

1853ರ ಆಗಸ್ಟಿನಲ್ಲಿ ಅವರಿಗೆ ಮೊದಲ ಕೆಲಸ ಸಿಕ್ಕಿತು. ವಯಸ್ಸು 33. ಲಂಡನ್ನಿನ ಅಪ್ಪರ್ ಹಾರ್ಲಿ ಸ್ಟ್ರೀಟಿನಲ್ಲಿ ಒಂದನೇ ನಂಬರಿನ ಮನೆ. ಒಳ್ಳೆ ಮನೆತನದಲ್ಲಿ ಹುಟ್ಟಿ ಕೈಯಲ್ಲಿ ದುಡ್ಡಿಲ್ಲದ ಹೆಂಗಸರಿಗೆ ಅಂತ ನಡೆಸುತ್ತಿದ್ದ ಆಸ್ಪತ್ರೆ. ಜಾಸ್ತಿ ಬರುತ್ತಿದ್ದವರು ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳುವ ಗವರ್ನೆಸ್‌ಗಳು. ಅವರ ಪಾಡು ನೋಡಿ, ಮನೆಯವರ ಜೊತೆ ಕೂಡುವ ಹಾಗಿಲ್ಲ, ಆಳುಗಳ ಜೊತೆಗೂ ಇಲ್ಲ, ಕಾಯಿಲೆ ಬಿದ್ದರೆ ಕೆಲಸವೂ ಇಲ್ಲ. ನೈಟಿಂಗೇಲ್ ಅವರ ಹುದ್ದೆಯ ಹೆಸರು ಸೂಪರಿಂಟೆಂಡೆಂಟ್. ನಮ್ಮ ಭಾಷೆಯಲ್ಲಿ ಮೇಟ್ರನ್. ಪಗಾರ ಇಲ್ಲ.

ನಿಲ್ಲಿ, ನಿಲ್ಲಿ. ಇಲ್ಲಿ ಎಲ್ಲರೂ 'ನೋಡಿದಿರಾ ತ್ಯಾಗ' ಅನ್ನುತ್ತಾರೆ. ಅವರ ಅಪ್ಪ ವರ್ಷಕ್ಕೆ 500 ಪೌಂಡು ಕೊಡುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ನಿಮಗೆ ಯಾರಾದರೂ ನೈಟಿಂಗೇಲ್ ಪಗಾರ ತಗೊಳ್ಳಲಿಲ್ಲ ಅಂದರೆ, ಅಪ್ಪ ಕೊಟ್ಟ 500 ಪೌಂಡಿನ ಲೆಕ್ಕವನ್ನೂ ಹೇಳಿ. ಈ ಬಾಯಿ ಮುಂದೆ ಜೀವನ ಪೂರ್ತಿ ಹೇಳಿದ್ದು ಒಂದೇ, ನರ್ಸಿಗೆ ಕಲಿಸಬೇಕು, ಕಲಿತವಳಿಗೆ ಸರಿಯಾಗಿ ದುಡ್ಡು ಕೊಡಬೇಕು.

ಈಗ ಗಂಟೆಗೆ ಬರುತ್ತೇನೆ.

ಕೆಲಸಕ್ಕೆ ಸೇರುವ ಎರಡು ತಿಂಗಳು ಮೊದಲು, 1853ರ ಜೂನಿನಲ್ಲಿ, ಅವರು ಆಸ್ಪತ್ರೆಯ ಹೆಂಗಸರ ಕಮಿಟಿಗೆ ಒಂದು ಪತ್ರ ಬರೆದರು. ಪತ್ರ ಹೋದದ್ದು ಲೇಡಿ ಕ್ಯಾನಿಂಗ್ ಅನ್ನುವವರಿಗೆ. ಕ್ಯಾನಿಂಗ್ ಹೆಸರು ಕೇಳಿದ್ದೀರಾ? ನರಗುಂದದವರು ಯಾರಾದರೂ ಇದ್ದೀರಾ ಇಲ್ಲಿ? ಕೈ ಎತ್ತಿ. ಹಾಂ. ನಿಮ್ಮ ದೊರೆ ಬಾಬಾಸಾಹೇಬರನ್ನು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದಾಗ ಗವರ್ನರ್ ಜನರಲ್ ಆಗಿದ್ದವನು ಕ್ಯಾನಿಂಗ್. ಅವನ ಹೆಂಡತಿಯೇ ಈಕೆ. ಮುಂದೆ 1861ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಬಂಗಾಳದಲ್ಲಿ ಲೇಡಿಕೇನಿ ಅಂತ ಒಂದು ಸಿಹಿ ಸಿಗುತ್ತದೆ, ನಮ್ಮ ಗುಲಾಬ್ ಜಾಮೂನಿನ ಅಕ್ಕ ಇದ್ದ ಹಾಗೆ. ಅದು ಈಕೆಯದೇ ಹೆಸರು ಅಂತ ಅಲ್ಲಿಯವರು ಹೇಳುತ್ತಾರೆ. ನೋಡಿ, ಒಂದು ಪತ್ರದ ವಿಳಾಸದಲ್ಲಿ ಎಷ್ಟು ಕಥೆ.

ಪತ್ರದಲ್ಲಿ ಏನು ಕೇಳಿದ್ದರು? ಪ್ರಾರ್ಥನೆ ಎಷ್ಟು ಸಲ, ಕರುಣೆ ಎಷ್ಟು ತೊಲ ಅಂತ ಕೇಳಲಿಲ್ಲ. ಮೂರು ವಸ್ತು ಕೇಳಿದರು. ಒಂದು, ಪ್ರತಿ ಮಹಡಿಗೂ ಬಿಸಿನೀರಿನ ಪೈಪು. ಎರಡು, ಅಡುಗೆಮನೆಯಿಂದ ಮೇಲಿನ ಮಹಡಿಗೆ ಊಟ ಎತ್ತುವುದಕ್ಕೆ ಒಂದು ಗಡಗಡಿ. ಬಾವಿಯ ಗಡಗಡಿ ಗೊತ್ತಲ್ಲ, ಅಂಥ ಯಂತ್ರ. ಮೂರನೆಯದು ಗಂಟೆ. ಪ್ರತಿ ರೋಗಿಯ ಕೈಗೆ ಸಿಗುವ ಹಾಗೆ ಗಂಟೆಯ ಹಗ್ಗ ಇರಬೇಕು. ಗಂಟೆಗಳೆಲ್ಲ ಆಯಾ ಮಹಡಿಯಲ್ಲಿ ನರ್ಸಿನ ಬಾಗಿಲ ಹೊರಗೇ ಇರಬೇಕು. ಗಂಟೆ ಬಾರಿಸಿದ ಕೂಡಲೇ ಅದರ ಮೇಲಿನ ಒಂದು ಸಣ್ಣ ಮುಚ್ಚಳ ತಟ್ಟನೆ ತೆರೆದುಕೊಳ್ಳಬೇಕು. ತೆರೆದದ್ದು ಹಾಗೇ ತೆರೆದೇ ಇರಬೇಕು. ಯಾಕೆ? ನರ್ಸ್ ಬಂದು ನೋಡಿದಾಗ ಕರೆದವರು ಯಾರು ಅಂತ ಗೊತ್ತಾಗಬೇಕು.

ಈ ಮಾತು ಇನ್ನೊಂದು ಸಲ ಹೇಳುತ್ತೇನೆ. ಸದ್ದು ನಿಂತು ಹೋಗುತ್ತದೆ. ಮುಚ್ಚಳ ತೆರೆದೇ ಇರುತ್ತದೆ.

ಇಂಥ ಏರ್ಪಾಟು ಇಲ್ಲದಿದ್ದರೆ ನರ್ಸ್ ಅನ್ನುವವಳು ಬರೀ ಒಂದು ಜೊತೆ ಕಾಲಾಗಿಬಿಡುತ್ತಾಳೆ, ಮೆಟ್ಟಿಲು ಹತ್ತುವುದು ಇಳಿಯುವುದು ಅಷ್ಟೇ, ಅಂತ ಬರೆದರು. ಒಂದು ಜೊತೆ ಕಾಲು! ನಾನು ಇದನ್ನು ಓದಿದ್ದು ರಿಟೈರ್ ಆದ ಮೇಲೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ. ಓದಿ ಪುಸ್ತಕ ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಅಂತ ಹೇಳುತ್ತೇನೆ. ಇದು ಸ್ವಲ್ಪ ಉದ್ದ ಇದೆ, ಸಂಘಟಕರು ಗಡಿಯಾರ ನೋಡಬಾರದು.

1984. ನನಗೆ 24 ವರ್ಷ. ಊರಿನ ಹೆಸರು ಹೇಳುವುದಿಲ್ಲ, ಮಲಪ್ರಭೆಯ ಆಚೆಗೋ ಈಚೆಗೋ ಅಂತ ಇಟ್ಟುಕೊಳ್ಳಿ. ಬಾಣಂತಿ ವಾರ್ಡಿನಲ್ಲಿ 30 ಕಾಟು. ನೆಲದ ಮೇಲೆ ಹಾಸಿಕೊಂಡು ಇನ್ನೂ ಎಂಟು ಹತ್ತು ಮಂದಿ. ರಾತ್ರಿ ನಾನೊಬ್ಬಳು, ಒಬ್ಬ ಆಯಾ. ಲೇಬರ್ ರೂಂ ವರಾಂಡದ ಆ ತುದಿಗೆ. ನಮ್ಮನ್ನು ಕರೆಯುವುದಕ್ಕೆ ಇದ್ದದ್ದು ಸ್ಟೀಲ್ ಲೋಟ. ಕಾಟಿನ ಕಂಬಿಗೆ ಲೋಟ ಬಡಿಯುತ್ತಿದ್ದರು. ಟಣ್ ಟಣ್ ಟಣ್. ಆ ಸದ್ದು ಈಗಲೂ ಮನೆಯಲ್ಲಿ ಪಾತ್ರೆ ತೊಳೆಯುವಾಗ ಕೇಳಿದರೆ ನನ್ನ ಕಾಲು ತಾನೇ ಏಳುತ್ತದೆ.

ಮಳೆ. ಕರೆಂಟ್ ಹೋಗಿತ್ತು. ನನ್ನ ಕೈಯಲ್ಲಿ ಕಂದೀಲು. ಗಮನಿಸಿ, ನಿಮ್ಮ ಬ್ಯಾನರಿನಲ್ಲಿ ಇರುವ ಹಾಗೇ ಬಿಳಿ ಸೀರೆ, ತಲೆ ಮೇಲೆ ಕ್ಯಾಪು, ಕೈಯಲ್ಲಿ ದೀಪ. ಫೋಟೋ ತೆಗೆದಿದ್ದರೆ ಚೆನ್ನಾಗಿ ಬರುತ್ತಿತ್ತು. ರಾತ್ರಿ ಒಂದೂವರೆಗೆ ದೀಪ ಹಿಡಿದು ಇಡೀ ವಾರ್ಡು ಒಂದು ಸುತ್ತು ಬಂದೆ. 22ನೇ ಕಾಟು ಗೋಡೆಯ ಮೂಲೆಗೆ. ಸಂಜೆ ಹೆರಿಗೆಯಾದ ಹುಡುಗಿ, ಚೊಚ್ಚಲು, 19 ವರ್ಷ ಇರಬಹುದು. ಕುತ್ತಿಗೆ ತನಕ ಕೌದಿ ಹೊದ್ದು ಮಲಗಿದ್ದಳು. ಕೂಸು ಪಕ್ಕದಲ್ಲಿ. ಅವಳ ಅವ್ವ ಕಾಟಿನ ಕೆಳಗೆ ನಿದ್ದೆ ಹೋಗಿದ್ದಳು. ದೀಪ ಎತ್ತಿ ನೋಡಿದೆ. ಕಣ್ಣು ಮುಚ್ಚಿತ್ತು. ಪಾಪ, ದಣಿದಿದ್ದಾಳೆ, ಮಲಗಲಿ ಅಂದುಕೊಂಡೆ. ಮುಂದೆ ಹೋದೆ.

ಇಪ್ಪತ್ತು ನಿಮಿಷ ಆಗಿರಬೇಕು. ಪಕ್ಕದ ಕಾಟಿನ ಮುದುಕಿ ಒಂದಕ್ಕೆ ಅಂತ ಎದ್ದವಳು ಅಲ್ಲಿಂದಲೇ ಕೂಗಿದಳು. "ಸಿಸ್ಟರ್ ಬಾಯಾರ, ಇಲ್ಲಿ ನೀರ ಚೆಲ್ಲೇತ್ರಿ, ಕಾಲ ಜಾರತೈತಿ." ಆಯಾಗೆ ಒರೆಸುವ ಬಟ್ಟೆ ತಗೊಂಡು ಬಾ ಅಂದೆ. ಕಂದೀಲು ಕೆಳಗೆ ಹಿಡಿದೆ. ಮುದುಕಿಯ ಪಾದ ಕಂಡಿತು. ಕಂದೀಲಿನ ಬೆಳಕಿನಲ್ಲಿ ರಕ್ತ ಕೆಂಪಗೆ ಕಾಣುವುದಿಲ್ಲ, ಕಪ್ಪಗೆ ಕಾಣುತ್ತದೆ.

ಕೌದಿ ಎಳೆದೆ. ಎಷ್ಟು ಭಾರ ಇತ್ತು ಅಂದರೆ ಒಂದು ಕೈಯಲ್ಲಿ ಬರಲಿಲ್ಲ. ನಮ್ಮ ಕೌದಿ ಗೊತ್ತಲ್ಲ, ಹಳೆ ಸೀರೆ ಏಳೆಂಟು ಪದರ ಹಾಕಿ ಹೊಲಿದದ್ದು. ಎಲ್ಲವನ್ನೂ ಹೀರಿಕೊಂಡು ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಇತ್ತು. ಹೊಟ್ಟೆ ಮೇಲೆ ಕೈ ಇಟ್ಟರೆ ಗರ್ಭಕೋಶ ಸಿಗಲೇ ಇಲ್ಲ, ಅಷ್ಟು ಮೆತ್ತಗಾಗಿತ್ತು. ಗಟ್ಟಿಯಾದ ಚೆಂಡು ಸಿಗಬೇಕು ಅಂತ ನಿಮಗೆ ಕಲಿಸಿದ್ದಾರಲ್ಲ. ಉಜ್ಜುವುದಕ್ಕೆ ಶುರು ಮಾಡಿದೆ. ಆಯಾ ಡಾಕ್ಟರ ಕ್ವಾರ್ಟರ್ಸಿಗೆ ಮಳೆಯಲ್ಲೇ ಓಡಿದಳು. ಅವಳ ಅವ್ವ ಎದ್ದವಳೇ "ನನ್ನ ಮಗಳ ಮಾರಿ ಯಾಕ ಹಿಂಗ ಬೆಳ್ಳಗಾಗೇತಿ?" ಅಂತ ನನ್ನ ಸೆರಗು ಹಿಡಿದು ಜಗ್ಗುತ್ತಿದ್ದಳು. ನಾನು ಒಂದು ಕೈ ಹೊಟ್ಟೆ ಮೇಲಿನಿಂದ ತೆಗೆಯದೆ ಕಂದೀಲು ಅವಳಿಗೇ ಕೊಟ್ಟು "ಎತ್ತಿ ಹಿಡಿ" ಅಂದೆ. ಡಾಕ್ಟರು ಬಂದರು, ರಕ್ತ ನಿಲ್ಲುವುದಕ್ಕೆ ಮೆಥರ್ಜಿನ್ ಕೊಟ್ಟೆವು, ಡ್ರಿಪ್ ಹಾಕಿದೆವು, ಬೆಳಗ್ಗೆ ಅವಳ ತಮ್ಮನ ರಕ್ತ ಹೊಂದಿತು.

ಉಳಿದಳು. ಮುಂಚೆಯೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಉಸಿರು ಹಿಡಿದು ಕೂಡುತ್ತೀರಿ.

ಮೂರನೇ ದಿನ ಕೇಳಿದೆ. ಯಾಕವ್ವಾ, ಲೋಟ ಬಡಿಯಲಿಲ್ಲ ಯಾಕೆ? ಅವಳು ಕಿಟಕಿಯ ಕಡೆ ಕೈ ಮಾಡಿದಳು. ಲೋಟ ಕಿಟಕಿಯ ಕಟ್ಟೆ ಮೇಲಿತ್ತು. ಕೈ ಎಟುಕಲಿಲ್ಲ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ನೀವು ದೀಪಾ ಹಿಡಕೊಂಡು ಬಂದಿದ್ರಿ, ನನಗ ಗೊತ್ತಾತು. ಕರೀಬೇಕಂದೆ, ದನಿ ಹೊರಡಲಿಲ್ಲ."

ಅದಕ್ಕೇ ದೀಪದ ಹಾಡು ಬೇಡ ಅಂತ ನಾನು ಹಟ ಮಾಡುತ್ತಿರುವುದು. ದೀಪ ಇದ್ದದ್ದು ನನ್ನ ಕೈಯಲ್ಲಿ. ಅವಳ ಕೈಯಲ್ಲಿ ಏನೂ ಇರಲಿಲ್ಲ.

ಮುಂದಿನ ವಾರ ಕಾರಹುಣ್ಣಿಮೆ, ಎತ್ತು ಸಿಂಗರಿಸಿ ಅಗಸಿಯಲ್ಲಿ ಕರಿ ಹರಿಯುವ ಹಬ್ಬ. ಸಂತೆಯಲ್ಲಿ ಎತ್ತಿನ ಗಂಟೆ, ಗೊಂಡೆ, ಹಣೆಪಟ್ಟಿ ರಾಶಿ ರಾಶಿ. ನನ್ನ ಪಗಾರದಲ್ಲಿ 12 ಗಂಟೆ ತಂದೆ. ಅಂಗಡಿಯವ "ಎಷ್ಟ ಜೋಡಿ ಎತ್ತದಾವ್ರೀ ಅಕ್ಕಾರ?" ಅಂತ ಕೇಳಿದ. 30 ಬಾಣಂತಿಯರಿದ್ದಾರೆ ಅಂದೆ. ಅವನು ಮುಂದೆ ಮಾತಾಡಲಿಲ್ಲ. ದೂರದ 12 ಕಾಟಿಗೆ ಒಂದೊಂದು ಗಂಟೆ ಸುತಳಿಯಿಂದ ಕಟ್ಟಿದೆ, ಸುತಳಿಯ ತುದಿ ಕೈಗೆ.

ಮೊದಲ ರಾತ್ರಿ ಏನಾಯಿತು ಗೊತ್ತಾ? ಗಂಟೆ ಬಾರಿಸುತ್ತಿತ್ತು, ನಾನು ಓಡುತ್ತಿದ್ದೆ, ಅಷ್ಟರಲ್ಲಿ ಸದ್ದು ನಿಂತಿರುತ್ತಿತ್ತು. ಯಾರು ಕರೆದಿರಿ? ಯಾರೂ ಮಾತಾಡುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚ. ಒಂದಕ್ಕೆ ಹೋಗಬೇಕು ಅಂತ 12 ಜನರ ಮುಂದೆ ಹೇಳುವುದು ಹೇಗೆ? ಹಗಲು ನೋಡಲು ಬಂದವರ ಮಕ್ಕಳು ಗಂಟೆ ಜಗ್ಗಿ ಆಟ ಆಡಿದರು. ನಾಲ್ಕನೇ ದಿನ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಬಾಗಿಲಲ್ಲೇ ನಿಂತರು. "ಏನ್ರೀ ಸಿಸ್ಟರ್ ಇದು, ದವಾಖಾನೀನೋ ಕರಿ ಹರಿಯೋ ಅಗಸೀನೋ?"

ಗಂಟೆ ಬಿಚ್ಚಿಸಿದರು. ಬಿಚ್ಚಿದ್ದನ್ನು ಬಿಸಾಕುವ ಹಾಗಿಲ್ಲವಲ್ಲ, ಸರ್ಕಾರಿ ಜಾಗ. ಸ್ಟೋರಿನವರು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದುಕೊಂಡರು. ಬೆಡ್‌ಪ್ಯಾನ್ ಇಷ್ಟು, ಕಿಡ್ನಿ ಟ್ರೇ ಇಷ್ಟು, ಎತ್ತಿನ ಗಂಟೆ 12. ನಾನು ವರ್ಗವಾಗಿ ಹೋಗುವಾಗ ಎಣಿಸಿದರೆ 11. ಒಂದು ಗಂಟೆಯ ದುಡ್ಡು ನನ್ನಿಂದಲೇ ಕಟ್ಟಿಸಿಕೊಂಡರು, ನಾನೇ ಕೊಂಡು ತಂದ ಗಂಟೆಗೆ! ಆ ಹನ್ನೆರಡನೆಯದು ಎಲ್ಲಿ ಹೋಯಿತು ಅಂತ ಈಗ ಹೇಳಿದರೆ ಪೆನ್ಶನ್ ನಿಲ್ಲಿಸುತ್ತಾರಾ? ಇಲ್ಲಿದೆ ನೋಡಿ, ನನ್ನ ಚೀಲದಲ್ಲಿ. ಕೇಳಿಸಿತಾ ಹಿಂದೆ?

ಈಗ ಗೊತ್ತಾಯಿತಲ್ಲ, ಆ ಪುಸ್ತಕ ಯಾಕೆ ಮಗುಚಿಟ್ಟೆ ಅಂತ. ನನಗೆ ಗಂಟೆ ತನಕ ಹೊಳೆಯಿತು. ಕರೆದವರು ಯಾರು ಅಂತ ಸದ್ದು ನಿಂತ ಮೇಲೂ ತೋರಿಸುವ ಮುಚ್ಚಳ ಹೊಳೆಯಲಿಲ್ಲ. ನನ್ನ ರಾತ್ರಿಗಿಂತ 131 ವರ್ಷ ಮೊದಲು, ಆ ಆಸ್ಪತ್ರೆಯಲ್ಲಿ ಒಂದು ದಿನ ಕೆಲಸ ಮಾಡುವ ಮೊದಲೇ, ಆ ಬಾಯಿಗೆ ಹೊಳೆದಿತ್ತು. ರೋಗಿಯ ಸಂಕೋಚವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಬಾಯಿ ಬಿಟ್ಟು ಹೇಳದಿದ್ದರೂ ಗೊತ್ತಾಗಬೇಕು. ಇದಕ್ಕೆ ನೀವು ಕರುಣೆ ಅನ್ನುತ್ತೀರೋ ಬುದ್ಧಿ ಅನ್ನುತ್ತೀರೋ ನಿಮಗೆ ಬಿಟ್ಟದ್ದು. ನಾನು ಮೇಟ್ರನ್‌ಗಿರಿ ಅನ್ನುತ್ತೇನೆ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ನಾನು ಬರೆದುಕೊಂಡು ಬಂದದ್ದು ಇನ್ನೂ ಐದು ಹಾಳೆ ಇದೆ. ಆಯಿತು, ಲಗೂ ಲಗೂ ಹೇಳುತ್ತೇನೆ.

ಹಾರ್ಲಿ ಸ್ಟ್ರೀಟಿನ ಕಮಿಟಿಯ ಕಥೆ ಬಿಡುವ ಹಾಗಿಲ್ಲ. ಕಮಿಟಿಯವರು ಇಂಗ್ಲೆಂಡಿನ ಚರ್ಚಿಗೆ ಸೇರಿದ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳೋಣ, ಕ್ಯಾಥೊಲಿಕ್ಕರು ಬೇಡ ಅಂದರು. ನೈಟಿಂಗೇಲ್ ಬಾಯಿ, ಹಾಗಾದರೆ ನಮಸ್ಕಾರ, ನಾನು ಹೊರಟೆ ಅಂದರು. ಕೊನೆಗೆ ಕಮಿಟಿ ಒಪ್ಪಿತು. ಯಾವ ಮತದವರಾದರೂ ಬರಲಿ, ಅವರವರ ಪಾದ್ರಿ, ಮುಫ್ತಿ ಬಂದು ನೋಡಲಿ. ಆದರೆ ಒಂದು ಷರತ್ತು. ಅಂಥ ಪಾದ್ರಿಯನ್ನು ಮೇಟ್ರನ್ ಖುದ್ದು ಬಾಗಿಲಲ್ಲಿ ಎದುರುಗೊಂಡು, ಮೇಲೆ ಕರೆದುಕೊಂಡು ಹೋಗಿ, ಮಾತು ಮುಗಿಯುವ ತನಕ ಅಲ್ಲೇ ನಿಂತು, ಮತ್ತೆ ಹೊರಗೆ ಬಿಟ್ಟು ಬರಬೇಕು! ಬೇರೆ ರೋಗಿಗಳಿಗೆ ಅವನ ಸೋಂಕು ತಗಲಬಾರದು ನೋಡಿ. ಗೆಳತಿಗೆ ಬರೆದ ಪತ್ರದಲ್ಲಿ ಇದನ್ನು ಚೆನ್ನಾಗಿ ಲೇವಡಿ ಮಾಡಿದ್ದಾರೆ.

ಇನ್ನೊಂದು. 1853ರ ಡಿಸೆಂಬರಿನಲ್ಲಿ ಅಪ್ಪನಿಗೆ ಬರೆದರು. ಇಲ್ಲಿ ಬಂದಾಗ ಕಮಿಟಿಯಲ್ಲಿ ಒಳಸಂಚು ಮಾಡುವುದಿಲ್ಲ ಅಂದುಕೊಂಡಿದ್ದೆ, ಈಗ ನೋಡಿದರೆ ಎಲ್ಲ ಕೆಲಸ ಒಳಸಂಚಿನಿಂದಲೇ ಮಾಡುತ್ತಿದ್ದೇನೆ ಅಂತ. ಹೇಗೆ? ತನಗೆ ಬೇಕಾದ್ದನ್ನು ಯಾರು ಹೇಳಿದರೆ ಕಮಿಟಿ ಒಪ್ಪುತ್ತದೋ ಅವರ ಕಿವಿಯಲ್ಲಿ ಮೊದಲೇ ಹಾಕಿಡುವುದು. ಸಭೆಯಲ್ಲಿ ಅವರು ತಮ್ಮದೇ ವಿಚಾರ ಅನ್ನುವ ಹಾಗೆ ಮಂಡಿಸುತ್ತಾರೆ. ಪಾಸಾಗುತ್ತದೆ. ಇಲ್ಲಿ ಕೂತ ಹಿರಿಯ ಸಿಸ್ಟರುಗಳು ನಗುತ್ತಿದ್ದಾರೆ ನೋಡಿ. ನಾನೂ ಎಂಟು ತಿಂಗಳ ಮೇಲೆ ಕರೆಂಟ್ ಬೆಲ್ ಹಾಕಿಸಿದ್ದು ಹೀಗೇ. ಆ ಐಡಿಯಾ ಊರ ಹಿರಿಯರೊಬ್ಬರದು ಅಂತ ಉದ್ಘಾಟನೆಯ ದಿನ ಭಾಷಣ ಆಯಿತು. ನಾನೇ ಚಪ್ಪಾಳೆ ಶುರು ಮಾಡಿದೆ. ಐದು ಕಾಟಿಗೆ ಒಂದು ಬೆಲ್ ಇತ್ತು, ಮುಚ್ಚಳ ಇರಲಿಲ್ಲ, ಅದು ಬೇರೆ ಮಾತು.

ಅಡುಗೆ, ಉಗ್ರಾಣದ ಲೆಕ್ಕ ಒಂದು ಹಾಳೆ ಬರೆದಿದ್ದೆ, ಬಿಡುತ್ತೇನೆ. ಹರಿದ ಚಾದರ ಎಣಿಸಿದರು, ಚಿಲ್ಲರೆ ಅಂಗಡಿ ಬಿಟ್ಟು ಸಗಟು ತರಿಸಿದರು. ಒಟ್ಟಿಗೆ ತಂದರೆ ಅಗ್ಗ ಅನ್ನುವುದನ್ನು 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಕಣಗಿನಹಾಳದ ಪಕ್ಕದಲ್ಲಿ ಕೂತು ನಾನು ವಿವರಿಸಬೇಕಾಗಿಲ್ಲ.

1854ರ ಅಕ್ಟೋಬರಿನಲ್ಲಿ 38 ಹೆಂಗಸರನ್ನು ಕಟ್ಟಿಕೊಂಡು ಯುದ್ಧದ ಆಸ್ಪತ್ರೆಗೆ ಹೊರಟರು. ಮುಂದಿನದು ನಿಮ್ಮ ಪಠ್ಯದಲ್ಲಿದೆ. ಒಂದೇ ಸೇರಿಸುತ್ತೇನೆ. ಅವರು ಹೋದ ಮೇಲೂ ಅಲ್ಲಿ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಸೇರಿದವರಲ್ಲಿ ನೂರಕ್ಕೆ 42 ಮಂದಿ ಸತ್ತರು. ದೀಪ ಇತ್ತು, ಸುತ್ತು ಇತ್ತು, ಆದರೂ ಸತ್ತರು. ಮಾರ್ಚಿನಲ್ಲಿ ಸ್ಯಾನಿಟರಿ ಕಮಿಶನ್ನಿನವರು ಬಂದು ಕಟ್ಟಡದ ಕೆಳಗಿನ ಗಟಾರ ತೆರೆಸಿ ತೊಳೆಸಿದರು, ಗಾಳಿ ಆಡುವ ಹಾಗೆ ಮಾಡಿದರು. ಜೂನಿಗೆ ಅದು ನೂರಕ್ಕೆ 2ಕ್ಕೆ ಇಳಿಯಿತು. ಊರಿಗೆ ಬಂದು ಲೆಕ್ಕ ಹಾಕಿದಾಗ ಅವರಿಗೇ ಇದು ಎದೆಗೆ ನಾಟಿತು. ಸಾವಿನ ಲೆಕ್ಕ ತೋರಿಸುವ ಅವರ ಚಾರ್ಟುಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಅಧ್ಯಕ್ಷರು ಟೇಬಲ್ ಬೆಲ್ ಬಾರಿಸಿದರು. ಸರ್, ಯಾರು ಬಾರಿಸಿದ್ದು ಅಂತ ನನಗೆ ಗೊತ್ತಾಯಿತು, ಮುಚ್ಚಳ ಬೇಡ. ಎರಡೇ ನಿಮಿಷ.

ಹೆರಿಗೆಯ ವಿಷಯ ಹೇಳದೆ ಇಳಿಯುವುದಿಲ್ಲ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಶುರುವಾದದ್ದು ನಿಮಗೆ ಗೊತ್ತು. ಮರುವರ್ಷ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹಳ್ಳಿಗೆ ಸೂಲಗಿತ್ತಿಯರನ್ನು ತಯಾರು ಮಾಡಲು ಒಂದು ಹೆರಿಗೆ ವಾರ್ಡು ತೆರೆದರು. ನೋಡಿಕೊಂಡವರು ಮೇರಿ ಜೋನ್ಸ್, ಅವರೂ ದೊಡ್ಡ ಮೇಟ್ರನ್, ಅವರ ಬಗ್ಗೆ ಇನ್ನೊಂದು ವರ್ಷ ಕರೆದರೆ ಮಾತಾಡುತ್ತೇನೆ. ಬಾಣಂತಿ ಜ್ವರದಿಂದ ತಾಯಂದಿರು ಸಾಯಲು ಶುರುವಾದಾಗ ಆ ವಾರ್ಡನ್ನು 1867ರಲ್ಲಿ ಮುಚ್ಚಿಬಿಟ್ಟರು. ತಾನೇ ತೆರೆಸಿದ್ದನ್ನು ಮುಚ್ಚುವುದು ಸುಲಭವಲ್ಲ. ಅಷ್ಟಕ್ಕೇ ಬಿಡದೆ ದೇಶ ದೇಶದ ಲೆಕ್ಕ ತರಿಸಿ 1871ರಲ್ಲಿ ಪುಸ್ತಕ ಮಾಡಿದರು. ಆ ಕಾಲದ ದೊಡ್ಡ ಹೆರಿಗೆ ಆಸ್ಪತ್ರೆಗಿಂತ ಬಡವರ ಮನೆಯಲ್ಲಿ ಹೆರುವುದೇ ಕಡಿಮೆ ಅಪಾಯ ಅಂತ ಅಂಕಿ ಇಟ್ಟು ತೋರಿಸಿದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಈ ಪುಸ್ತಕ ನೆನಪಾಗಿತ್ತು. ಇವತ್ತಿನ ಮಾತು ಬೇರೆ, ಇವತ್ತು ಆಸ್ಪತ್ರೆಗೇ ಬನ್ನಿ ಅಂತ ನೀವೂ ಹೇಳುತ್ತೀರಿ, ನಾನೂ ಹೇಳುತ್ತೇನೆ.

ಹೆಂಗಸರು ಮಕ್ಕಳಿಗೆ ಅಂತಲೇ ತೆರೆದ ಮುಂಬೈಯ ಕಾಮಾ ಆಸ್ಪತ್ರೆ, 1886, ನಾವೂ ಆಗ ಅದೇ ಮುಂಬೈ ಪ್ರಾಂತ್ಯ. ಹೋಗಲಿ, ಅದಕ್ಕೆ ಟೈಮಿಲ್ಲ.

ಕೊನೆಯದಾಗಿ ಒಂದು. ಹೋದ ತಿಂಗಳು ನಮ್ಮ ತಮ್ಮನ ಸೊಸೆಯ ಹೆರಿಗೆಗೆ ಅಂತ ಒಂದು ಆಸ್ಪತ್ರೆಗೆ ಹೋಗಿದ್ದೆ. ಎಲ್ಲಿ ಅಂತ ಕೇಳಬೇಡಿ. ಹೊಳೆಯುವ ಟೈಲ್ಸು, ಏಸಿ, ಪ್ರತಿ ಕಾಟಿನ ತಲೆಯ ಹತ್ತಿರ ಗೋಡೆಗೆ ಬೆಲ್ಲಿನ ಸ್ವಿಚ್ಚು. ಬಾಗಿಲ ಮೇಲೆ ಕೆಂಪು ಲೈಟು, ಒತ್ತಿದರೆ ಹತ್ತಿಕೊಂಡೇ ಇರುತ್ತದೆ, ಅದೇ ನೈಟಿಂಗೇಲ್ ಬಾಯಿಯ ಮುಚ್ಚಳ! ನನಗೆ ಖುಷಿಯೋ ಖುಷಿ. ಒತ್ತಿದೆ. ಲೈಟ್ ಹತ್ತಲಿಲ್ಲ. ಪಕ್ಕದ್ದು ಒತ್ತಿದೆ. ಅದೂ ಇಲ್ಲ. ಸಿಸ್ಟರ್ ಬಂದು, "ಅಮ್ಮಾ, ಅದು ಕೆಟ್ಟು ಬಹಳ ದಿನ ಆಯ್ತು, ಏನಾದ್ರೂ ಬೇಕಿದ್ರೆ ಕೂಗಿ" ಅಂದಳು. ಸೊಸೆ ಮಲಗಿದಲ್ಲಿಂದ ಕೈ ಚಾಚಿದರೆ ಸ್ವಿಚ್ಚು ಎಟುಕುತ್ತಲೂ ಇರಲಿಲ್ಲ. ಆ ರಾತ್ರಿ ಅವಳ ದಿಂಬಿನ ಪಕ್ಕ ಈ ಹನ್ನೆರಡನೆಯ ಗಂಟೆ ಇಟ್ಟು ಬಂದೆ. ಅದಕ್ಕೇ ಇದು ಚೀಲದಲ್ಲಿ ಇರುವುದು.

ಇವತ್ತು ನೈಟ್ ಡ್ಯೂಟಿ ಯಾರದು? ಕೈ ಎತ್ತಿ. ಒಂದು, ಎರಡು, ಮೂರು. ಹಿಂದಿನ ಸಾಲಿನ ಹುಡುಗ, ನೀನೂನಾ? ಸರಿ, ನಾಲ್ಕು. ಗಿರ್ಮಿಟ್ ನಿಮ್ಮ ನಾಲ್ವರಿಗೆ ಮೊದಲು ಕೊಡುವುದಕ್ಕೆ ಹೇಳಿದ್ದೇನೆ, ತಿಂದು ಹೊರಡಿ, ಎಂಟಕ್ಕೆ ಹ್ಯಾಂಡೋವರ್. ಹೋದ ಕೂಡಲೇ ಒಂದೊಂದೇ ಕಾಟಿಗೆ ಹೋಗಿ, ಅದರ ಮೇಲೆ ಮಲಗಿದವರ ಕೈಯಿಂದಲೇ ಸ್ವಿಚ್ಚು ಒತ್ತಿಸಿ ನೋಡಿ. ಯಾವ್ಯಾವುದು ಹತ್ತಲಿಲ್ಲ, ಯಾರ ಕೈಗೆ ಎಟುಕಲಿಲ್ಲ, ಕಾಟಿನ ನಂಬರ್ ಸಮೇತ ರಿಪೋರ್ಟ್ ಬುಕ್ಕಿನಲ್ಲಿ ಬರೆಯಿರಿ. ಬೈದರೆ ನನ್ನ ಹೆಸರು ಹೇಳಿ. ನನ್ನ ಪೆನ್ಶನ್ ಹೆಂಗೂ ಶುರುವಾಗಿದೆ.